ಆಯ್ತಮ್ಮನ ಒಂದೇ ಮಾತಿನ ಪಾರ್ಟು

"ತಗೋ ಕಂದಾ, ತಗೋ! ಒಂದೇ ಒಂದು ಸಲ! ಏನೂ ಆಗಲ್ಲ!"

ಕರಿ ಕೋಟು ತೊಟ್ಟು, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡ ಖಳನಾಯಕ ಒಂದು ಖಾಲಿ ಪೊಟ್ಟಣವನ್ನು ಮುಂದೆ ಚಾಚಿದ. ಟೈಲರ್ ಅಂಗಡಿಯಲ್ಲಿ ಸೇರಿದ್ದ ಮಕ್ಕಳೆಲ್ಲ ಉಸಿರು ಬಿಗಿಹಿಡಿದರು. ಈಗ ಒಳ್ಳೆಯ ಹುಡುಗಿ ಕೈ ಎತ್ತಿ "ಬೇಡ!" ಎಂದು ಗುಡುಗಬೇಕು. ಇಡೀ ನಾಟಕ ನಿಂತಿರುವುದೇ ಆ ಒಂದು ಮಾತಿನ ಮೇಲೆ.

ಒಳ್ಳೆಯ ಹುಡುಗಿ ಎರಡೂ ಕೈ ಚಾಚಿ ಪೊಟ್ಟಣ ತೆಗೆದುಕೊಂಡಳು. "ಆಯ್ತು ಮಾಮ. ಥ್ಯಾಂಕ್ಸ್," ಎಂದಳು.

ಟೈಲರ್ ಅಂಕಲ್ ಹಣೆ ಚಚ್ಚಿಕೊಂಡರು. ನಾಟಕ ಬರೆದವರೂ ಅವರೇ, ಡೈರೆಕ್ಟರೂ ಅವರೇ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಸಿಟ್ಟು ಬಂದಾಗ ಅದರ ಎರಡೂ ತುದಿ ಹಿಡಿದು ಜಗ್ಗುವುದು ಅವರ ಅಭ್ಯಾಸ.

"ಥ್ಯಾಂಕ್ಸಾ? ವಿಷ ಕೊಟ್ಟೋರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನಮ್ಮ?"

"ಬಾಯಿಗೆ ಬಂದ್ಬಿಡ್ತು ಅಂಕಲ್."

"ಮತ್ತೆ ಮಾಡೋಣ. ಈ ಸಲ ಬೇಡ ಅಂತೀಯ ತಾನೇ?"

"ಆಯ್ತು ಅಂಕಲ್."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಷ್ಟ ಇದ್ದದ್ದೇ ಅಲ್ಲಿ. ಐದನೇ ಕ್ಲಾಸಿನ ಈ ಹುಡುಗಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದೇ ಆಯ್ತಮ್ಮ ಎಂದು. ಯಾರು ಏನು ಹೇಳಿದರೂ ಅವಳ ಬಾಯಲ್ಲಿ ಬರುವುದು ಅದೊಂದೇ. ಪಾತ್ರೆ ಒರೆಸು ಅಂದರೆ ಆಯ್ತು. ನನ್ನ ಬ್ಯಾಗೂ ಹೊತ್ತುಕೋ ಅಂದರೆ ಆಯ್ತು. ಅಜ್ಜಿ ಅವಳಿಗೆ ಹಲ್ಲು ಮೂಡುವ ಮುಂಚಿನಿಂದಲೇ ಹೇಳಿಕೊಟ್ಟಿದ್ದರು, "ದೊಡ್ಡೋರು ಏನಾದ್ರೂ ಕೊಟ್ರೆ ಬೇಡ ಅನ್ನಬಾರ್ದು ಕಣೇ. ಎರಡೂ ಕೈಲಿ ತಗೋಬೇಕು."

ಹಾಗಾದರೆ ಇಂಥವಳಿಗೆ ಈ ಪಾರ್ಟು ಕೊಟ್ಟ ಪುಣ್ಯಾತ್ಮರು ಯಾರು? ಅದನ್ನೂ ಹೇಳಿಬಿಡುತ್ತೇನೆ.

ಶಾಲೆಯ ಹಿಂದಿನ ಗೋಡೆಯ ಬಳಿ ದೊಡ್ಡ ಹುಡುಗರು ಕೆಲವರು ತಂಬಾಕಿನ ಪೊಟ್ಟಣ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಇನ್ನು ಕೆಲವರ ಕೈಯಲ್ಲಿ ಪೆನ್ನಿನಂಥ ಏನೋ ಇತ್ತು. ಎಳೆದರೆ ಹೊಗೆ ಬರುತ್ತಿತ್ತು. ಇದು ಗೊತ್ತಾಗಿ ಬೀದಿಯವರಿಗೆ ದಿಗಿಲಾಯಿತು. ಟೀಚರುಗಳು, ಅಪ್ಪ ಅಮ್ಮಂದಿರು, ಅಂಗಡಿಯವರು ಸೇರಿ ಒಂದು ಕಮಿಟಿ ಮಾಡಿದರು. ಗೋಡೆಯ ಮೂಲೆಗೆ ದೊಡ್ಡ ಲೈಟು ಬಂತು. ದಿನಸಿ ಅಂಗಡಿ ಮಾಮ ಬಾಗಿಲಲ್ಲಿ ನೇತುಹಾಕಿದ್ದ ತಂಬಾಕಿನ ಸರಗಳನ್ನೆಲ್ಲ ಕಿತ್ತು, ಆ ಮೊಳೆಗೆ ಶಾಂಪೂ ಸರ ಹಾಕಿದರು. ಟೈಲರ್ ಅಂಕಲ್ ಎದ್ದು ನಿಂತು, "ನಾಟಕ!" ಎಂದರು.

ಮಕ್ಕಳಿಗೆಲ್ಲ ನಾಟಕದ ಹುಚ್ಚು ಹಿಡಿಯಿತು. ಆದರೆ ಯಾರಿಗೂ ಒಳ್ಳೆಯವರಾಗುವುದು ಬೇಕಿರಲಿಲ್ಲ! ಕೆಮ್ಮಿ ಕೆಮ್ಮಿ ನೆಲಕ್ಕೆ ಬೀಳುವ ಪಾರ್ಟಿಗಂತೂ ನೂಕುನುಗ್ಗಲು. ಒಳ್ಳೆಯ ಹುಡುಗಿಗೆ ಇದ್ದದ್ದು ಒಂದೇ ಮಾತು. ಕೆಮ್ಮಿಲ್ಲ, ಬೀಳೋದಿಲ್ಲ, ಸಾಯೋದಿಲ್ಲ. ಥೂ, ಯಾರು ಮಾಡುತ್ತಾರೆ? ಟೈಲರ್ ಅಂಕಲ್ ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಬೇಡ ಎಂದರು. ಕೊನೆಗೆ ಆಯ್ತಮ್ಮನನ್ನು ಕೇಳಿದರು. ಅವಳು ಏನೆಂದಳು ಎಂದು ನಿಮಗೇ ಗೊತ್ತು.

ಖಳನಾಯಕನ ಪಾರ್ಟು ದಿನಸಿ ಅಂಗಡಿ ಮಾಮನಿಗೆ ಸಿಕ್ಕಿತ್ತು. ಎದುರಿಗೆ ನಿಂತವರಿಗೆ ಏನಾದರೊಂದು ಮಾರದೆ ಬಿಡುವ ಆಸಾಮಿಯೇ ಅಲ್ಲ ಅವರು. ಉಪ್ಪು ತರಲು ಹೋದವರು ಪೊರಕೆ, ಮೇಣದಬತ್ತಿ, ಇಲಿಬೋನು ಹೊತ್ತುಕೊಂಡು ಬರುತ್ತಿದ್ದರು. ಅವರು "ತಗೋ ಕಂದಾ" ಎಂದರೆ ಯಾರ ಕೈಯಾದರೂ ತಾನಾಗಿ ಮುಂದೆ ಹೋಗುತ್ತಿತ್ತು.

ಟೈಲರ್ ಅಂಕಲ್ ಒಂದು ಉಪಾಯ ಮಾಡಿದರು. "ನಾಳೆಯಿಂದ ಇಡೀ ಬೀದಿ ಇವಳಿಗೆ ಏನಾದ್ರೂ ಕೊಡ್ತಾನೇ ಇರ್ಲಿ. ಇವಳು ಬೇಡ ಅನ್ನೋದನ್ನ ಪ್ರಾಕ್ಟೀಸ್ ಮಾಡ್ಲಿ!"

ಅಲ್ಲಿಗೆ ಶುರುವಾಯಿತು ನೋಡಿ ಫಜೀತಿ.

ಶಾಲೆಗೆ ಹೊರಟರೆ ಹಣ್ಣಿನ ಗಾಡಿಯ ಅಕ್ಕ ಬಾಳೆಹಣ್ಣು ಹಿಡಿದು ಅಡ್ಡ ಬಂದಳು. "ತಗೊಳ್ಳೇ, ಸಕ್ಕರೆ ಹಂಗಿದೆ!" ಆಯ್ತಮ್ಮ ಕಣ್ಣು ಮುಚ್ಚಿ, "ಆ... ಬೇ... ಆಯ್ತು," ಎಂದು ತಿಂದುಬಿಟ್ಟಳು. ಬೇಕರಿಯವರು ಬಿಸ್ಕತ್ತು ಹಿಡಿದು ಕಾಯುತ್ತಿದ್ದರು. ಕಟಿಂಗ್ ಶಾಪಿನ ಅಂಕಲ್ ಕೊಡಲು ಬೇರೇನೂ ಸಿಗದೆ ಕತ್ತರಿ ಆಡಿಸುತ್ತಾ ಓಡಿ ಬಂದರು. "ಫ್ರೀ ಕಟಿಂಗ್! ಮೊಟ್ಟೆ ಥರ ಬೋಳಿಸ್ತೀನಿ ಬಾ!"

"ಬೇಡಾ!" ಎಂದು ಆಯ್ತಮ್ಮ ಜಡೆ ಹಿಡಿದುಕೊಂಡು ಓಡಿದಳು.

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಟೈಲರ್ ಅಂಕಲ್ ಹೊಲಿಗೆ ಮಷಿನ್ ಬಿಟ್ಟು ಎದ್ದು ಬಂದರು. "ಹೇಳಿದ್ಲು! ಹೇಳಿದ್ಲು ಕಣ್ರೀ!"

ಒಮ್ಮೆ ಬಂದದ್ದೇ ತಡ, ಆ ಮಾತು ನಿಲ್ಲಲೇ ಇಲ್ಲ. ಸ್ನಾನ ಬೇಡ. ಹೋಮ್‌ವರ್ಕ್ ಬೇಡ. ತಲೆಗೆ ಎಣ್ಣೆ ಬೇಡ. ಅಮ್ಮ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಗ್ಯಾಸ್‌ನವರು ಬಾಗಿಲಿಗೆ ಬಂದು, "ಸಿಲಿಂಡರ್ ತಗೊಳ್ಳಮ್ಮ," ಎಂದರು. ಆಯ್ತಮ್ಮ ಕೈ ಎತ್ತಿ ಗುಡುಗಿದಳು. ಅವರು ಪಾಪ, ಹೆದರಿ ಹೊರಟೇಹೋದರು. ಅಮ್ಮ ಒದ್ದೆ ಟವೆಲ್ ಬೀಸುತ್ತಾ ಗಾಡಿಯ ಹಿಂದೆ ಓಡಿದಳು.

"ಈ ನಾಟಕ ಮುಗಿಯೋ ಹೊತ್ತಿಗೆ ನನ್ನ ಕತೆ ಮುಗಿದಿರುತ್ತೆ!" ಎಂದು ಅಮ್ಮ ಏದುಸಿರು ಬಿಟ್ಟಳು.

ಇದನ್ನೆಲ್ಲ ನೋಡಿ ಹೊಟ್ಟೆ ಹಿಡಿದು ನಕ್ಕವನು ಅಣ್ಣ. ಒಂಬತ್ತನೇ ಕ್ಲಾಸು. ಆಯ್ತಮ್ಮನಿಗೆ ಸೈಕಲ್ ಕಲಿಸಿದವನು, ಅವಳು ಬಿದ್ದಾಗ ಮಂಡಿಗೆ ಊದಿದವನು ಅವನೇ. ನಾಟಕದ ಮೈಕು, ಸ್ಪೀಕರು, ವೈರು ಎಲ್ಲ ಅವನ ಜವಾಬ್ದಾರಿ. ಈಚೆಗೆ ಅವನು ಮನೆಗೆ ತಡವಾಗಿ ಬರುತ್ತಿದ್ದ. ಬರುವಾಗ ಬಾಯಲ್ಲಿ ಯಾವಾಗಲೂ ಪೆಪ್ಪರ್‌ಮೆಂಟು. ಆಯ್ತಮ್ಮನಿಗೆ ಒಂದನ್ನೂ ಕೊಡುತ್ತಿರಲಿಲ್ಲ. ಅದೊಂದೇ ಅವಳಿಗೆ ಅವನ ಮೇಲಿದ್ದ ಬೇಜಾರು.

ನಾಟಕದ ದಿನ ಬಂತು. ಶಾಲೆಯ ಮೈದಾನದಲ್ಲಿ ಬೆಂಚು ಜೋಡಿಸಿ ಸ್ಟೇಜು ಮಾಡಿದ್ದರು. ಎಲ್ಲರ ಮನೆಯ ಹಾಸಿಗೆ ಬಟ್ಟೆ ಸೇರಿಸಿ ಹೊಲಿದ ಪರದೆ ಗಾಳಿಗೆ ಹೊಟ್ಟೆ ಉಬ್ಬಿಸುತ್ತಿತ್ತು. ಮೈಕು ಮಾತ್ರ ಕುಂಯ್ಯೋ ಎಂದು ಕೂಗುತ್ತಿತ್ತು.

"ಹೋಗಮ್ಮ, ನಿಮ್ಮಣ್ಣನ್ನ ಕರ್ಕೊಂಡು ಬಾ," ಎಂದರು ಟೈಲರ್ ಅಂಕಲ್.

ಅಣ್ಣ ನೀರಿನ ಟ್ಯಾಂಕಿನ ಹಿಂದೆ ಸಿಕ್ಕಿದ. ಜೊತೆಗೆ ಅವನ ಇಬ್ಬರು ಫ್ರೆಂಡ್ಸ್. ಅಲ್ಲೆಲ್ಲ ಮಾವಿನಹಣ್ಣಿನ ಪರಿಮಳ. ಇದು ಮಾವಿನ ಕಾಲವಲ್ಲವಲ್ಲ ಎಂದು ಆಯ್ತಮ್ಮ ಅಂದುಕೊಳ್ಳುವಷ್ಟರಲ್ಲಿ ಅಣ್ಣನ ಮೂಗಿನಿಂದ ಹೊಗೆ ಬಂತು. ಅವನ ಕೈಯಲ್ಲಿ ಪೆನ್ನಿನಂಥದ್ದು ಇತ್ತು.

ಫ್ರೆಂಡ್ಸ್ ಗೋಡೆ ಹಾರಿ ಮಾಯವಾದರು. ಅಣ್ಣ ಬೆಪ್ಪಾಗಿ ನಿಂತ. ಆಮೇಲೆ ನಕ್ಕ. ಅದು ಅವನ ದಿನದ ನಗುವಲ್ಲ.

"ಏಯ್, ಇದೇನಿಲ್ವೇ. ಬರೀ ಆವಿ. ಹಣ್ಣಿನ ಫ್ಲೇವರು. ಬೇಕಿದ್ರೆ ನೀನೂ ಒಂದ್ಸಲ ಎಳಿ. ಏನೂ ಆಗಲ್ಲ."

ಆಯ್ತಮ್ಮನಿಗೆ ಗಾಬರಿಯಾಯಿತು. ಇಲ್ಲಿ ಕರಿ ಕೋಟಿಲ್ಲ. ಕಾಡಿಗೆ ಮೀಸೆಯಿಲ್ಲ. ಇವನು ಅವಳ ಅಣ್ಣ. ಬೆಳಿಗ್ಗೆ ಅವಳ ಸೈಕಲ್ ಚೈನು ಹಾಕಿಕೊಟ್ಟಾಗ ಮೆತ್ತಿದ ಮಸಿ ಇನ್ನೂ ಅವನ ಉಗುರಿನಲ್ಲಿ ಇತ್ತು. ಬೀದಿಯಲ್ಲಿ ಕಲಿತ ಗುಡುಗೆಲ್ಲ ಎಲ್ಲಿ ಹೋಯಿತೋ ಏನೋ. ಗಂಟಲಿನಿಂದ ಸಣ್ಣ ದನಿ ಬಂತು.

"ಬೇಡ ಅಣ್ಣ."

ಅಣ್ಣ ಅದನ್ನು ಜೇಬಿಗೆ ತುರುಕಿದ. "ಸರಿ. ಅಮ್ಮಂಗೆ ಹೇಳ್ಬೇಡ. ಆಯ್ತಾ?"

ಹುಟ್ಟಿದಾಗಿನಿಂದ "ಆಯ್ತಾ?" ಎಂದವರಿಗೆಲ್ಲ ಅವಳು ಕೊಟ್ಟಿದ್ದು ಒಂದೇ ಉತ್ತರ. ಅದು ನಾಲಿಗೆಯ ತುದಿಗೆ ಬಂದು ಕುಳಿತುಕೊಂಡಿತು. ಟೈಲರ್ ಅಂಕಲ್ ಇಂಥ ಸೀನು ಬರೆದೇ ಇರಲಿಲ್ಲ! ಅಷ್ಟರಲ್ಲಿ ಸ್ಪೀಕರು ಕಿರುಚಿತು. "ಒಳ್ಳೇ ಹುಡುಗಿ ಎಲ್ಲಿದ್ರೂ ಸ್ಟೇಜಿಗೆ ಬರಬೇಕು!" ಅವಳು ಉತ್ತರ ಕೊಡದೆ ಓಡಿದಳು.

ನಾಟಕ ಭರ್ಜರಿಯಾಗಿ ನಡೆಯಿತು. ಕೆಮ್ಮುವವರು ಎಷ್ಟು ಚೆನ್ನಾಗಿ ಕೆಮ್ಮಿದರೆಂದರೆ ಮುಂದಿನ ಸಾಲಿನ ಅಜ್ಜಿಯೊಬ್ಬರು ನೀರಿನ ಬಾಟಲಿ ಹಿಡಿದು ಸ್ಟೇಜು ಹತ್ತಲು ಹೊರಟರು. ಸತ್ತುಬಿದ್ದ ಒಬ್ಬ ಹುಡುಗ, ಚಪ್ಪಾಳೆ ಬಿತ್ತೆಂದು ಎದ್ದು ಇನ್ನೊಮ್ಮೆ ಸತ್ತ.

ಆಮೇಲೆ ಖಳನಾಯಕ ಬಂದ. "ತಗೋ ಕಂದಾ, ತಗೋ!"

"ಬೇಡ!"

ಮೈದಾನ ನಡುಗುವಂತೆ ಬಂತು ದನಿ. ನಾಟಕದ ಪ್ರಕಾರ ಖಳನಾಯಕ ಈಗ ನೆಲಕ್ಕೆ ಬೀಳಬೇಕು. ಆದರೆ ಅಂಗಡಿ ಮಾಮನಿಗೆ ಬಂದ ಗಿರಾಕಿ ಕೈತಪ್ಪುವುದನ್ನು ಸಹಿಸಲಾಗಲಿಲ್ಲ.

"ಡಿಸ್ಕೌಂಟ್ ಕೊಡ್ತೀನಿ!"

"ಬೇಡ!"

"ಒಂದು ತಗೊಂಡ್ರೆ ಇನ್ನೊಂದು ಫ್ರೀ! ಜೊತೆಗೊಂದು ಪ್ಲಾಸ್ಟಿಕ್ ಬಕೆಟ್ಟು!"

"ಬೇಡ!" ಈ ಸಲ ಕುಳಿತಿದ್ದ ಜನವೂ ಕೂಗಿದರು.

"ಸಾಕು ಬಿಡ್ರೀ, ಬೀಳ್ರೀ!" ಎಂದು ಪರದೆಯ ಹಿಂದಿನಿಂದ ಟೈಲರ್ ಅಂಕಲ್ ಟೇಪು ಜಗ್ಗುತ್ತಿದ್ದರು. ಮಾಮ ಒಲ್ಲದ ಮನಸ್ಸಿನಿಂದ, ಕೋಟಿಗೆ ಧೂಳಾಗದ ಜಾಗ ಹುಡುಕಿ ಬಿದ್ದರು. ಜನ ನಕ್ಕೂ ನಕ್ಕೂ ಸುಸ್ತಾದರು.

ಅಣ್ಣ ಮಾತ್ರ ನಗುತ್ತಿರಲಿಲ್ಲ. ಸ್ಪೀಕರಿನ ಪಕ್ಕದಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ.

ಜನ ಕರಗಿದ ಮೇಲೆ ಅವನು ವೈರು ಸುತ್ತುತ್ತಿದ್ದಲ್ಲಿಗೆ ಆಯ್ತಮ್ಮ ಹೋದಳು.

"ನೀನು ಆಗ ಉತ್ತರ ಹೇಳ್ಲೇ ಇಲ್ಲ," ಎಂದ ಅಣ್ಣ ತಲೆ ಎತ್ತದೆ. "ಅಮ್ಮಂಗೆ ಹೇಳಲ್ಲ ತಾನೇ? ಆಯ್ತಾ?"

ಇನ್ನು ಮುಂದೆ ಅಣ್ಣ ಮಾತೇ ಆಡದಿದ್ದರೆ? ಸೈಕಲ್ಲಿನಲ್ಲಿ ಹತ್ತಿಸಿಕೊಳ್ಳದಿದ್ದರೆ? ಅಳು ಬಂತು. ಆದರೂ ಹೇಳಿದಳು. "ಆಗಲ್ಲ ಅಣ್ಣ."

"ಓಹೋ, ಚಪ್ಪಾಳೆ ಬಿದ್ದಿದ್ದೇ ಬಿದ್ದಿದ್ದು, ದೊಡ್ಡ ಸ್ಟಾರ್ ಆಗ್ಬಿಟ್ಯಾ?"

ಅವಳು ಅಲ್ಲೇ ನಿಂತಿದ್ದಳು. ಅಣ್ಣ ವೈರು ಕೆಳಗೆ ಹಾಕಿ ಸ್ಪೀಕರ್ ಡಬ್ಬದ ಮೇಲೆ ಕುಳಿತ.

"ಆ ಫ್ರೆಂಡ್ಸ್ ಮೊದಲ್ನೇ ಸಲ ಕೊಟ್ಟಾಗ ನನಗೂ ಬೇಡ ಅನ್ನಬೇಕು ಅನ್ನಿಸ್ತು ಕಣೇ. ಬಾಯಿಂದ ಬರ್ಲಿಲ್ಲ. ಆಯ್ತು ಅಂದ್ಬಿಟ್ಟೆ. ಆಮೇಲಾಮೇಲೆ ದಿನಾ ಬೇಕು ಅನ್ನಿಸೋಕೆ ಶುರುವಾಯ್ತು. ಇವತ್ತು ಬಿಡ್ತೀನಿ ಅಂತೀನಿ. ಆಗಲ್ಲ."

ಆಯ್ತಮ್ಮ ಬಾಯಿ ಬಿಟ್ಟು ನೋಡಿದಳು. ಅಣ್ಣನಿಗೆ ಬಾಗಿಲ ಮೇಲಿನ ಚಿಲಕವೂ ಎಟುಕುತ್ತಿತ್ತು. ಅಂಥವನಿಗೂನಾ? ಈ ಕಾಯಿಲೆ ತನಗೊಬ್ಬಳಿಗೇ ಎಂದು ಅವಳು ತಿಳಿದಿದ್ದಳು. ಇಬ್ಬರನ್ನೂ ಬೆಳೆಸಿದ್ದು ಅದೇ ಅಜ್ಜಿಯಲ್ಲವೇ! ಅವಳು ಹೋಗಿ ಅವನಿಗೆ ಒತ್ತಿಕೊಂಡು ಕುಳಿತಳು.

"ಅಮ್ಮಂಗೆ ನೀನೇ ಹೇಳು. ನಾನೂ ಜೊತೆಗೆ ಬರ್ತೀನಿ."

"ಕೊಂದೇ ಹಾಕ್ತಾಳೆ."

"ಬೈತಾಳೆ ಅಷ್ಟೇ. ಸಿಲಿಂಡರ್ ವಾಪಸ್ ಕಳಿಸಿದಾಗ ನನ್ನನ್ನ ಕೊಂದ್ಲಾ?"

ಅಣ್ಣನಿಗೆ ನಗು ಬಂತು. ಕಣ್ಣೂ ಒದ್ದೆಯಾಯಿತು. "ಏನಂತ ಶುರು ಮಾಡ್ಲಿ?"

"ಪ್ರಾಕ್ಟೀಸ್ ಮಾಡೋಣ. ಈಗ ನಾನು ಅಮ್ಮ." ಆಯ್ತಮ್ಮ ಎದ್ದು, ಬಿಚ್ಚಿಟ್ಟಿದ್ದ ಪರದೆಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಏನೋ ಅದು? ಬೇಗ ಹೇಳು, ಹಾಲು ಉಕ್ತಾ ಇದೆ!"

"ಅಮ್ಮಾ... ನಂಗೆ ಹೊಸ ಶೂ ಬೇಕು."

"ಕಟ್! ಶೂ ಎಲ್ಲಿಂದ ಬಂತು? ಮತ್ತೆ ಹೇಳು."

"ಅಮ್ಮಾ, ನನ್ನ ಒಬ್ಬ ಫ್ರೆಂಡ್‌ಗೆ ಏನಾಗಿದೆ ಅಂದ್ರೆ..."

"ಕಟ್! ಫ್ರೆಂಡ್ ಅಲ್ಲ, ನೀನು!"

ಅಣ್ಣ ಮುಖ ಒರೆಸಿಕೊಂಡ. ನೆಲ ನೋಡುತ್ತಾ ಹೇಳಿದ, "ಅಮ್ಮಾ, ನಾನು ಒಂದು ತಪ್ಪು ಮಾಡಿದ್ದೀನಿ. ಒಬ್ಬನೇ ಬಿಡೋಕೆ ಆಗ್ತಿಲ್ಲ."

ಆಯ್ತಮ್ಮನಿಗೆ ಅಮ್ಮನ ಪಾರ್ಟು ಮರೆತೇಹೋಯಿತು. ಅವನ ಕೈ ಹಿಡಿದು ಎಬ್ಬಿಸಿದಳು.

ಅಡುಗೆಮನೆಯಲ್ಲಿ ಅಮ್ಮ ಒಲೆಯ ಮುಂದಿದ್ದಳು. ಬಾಗಿಲಲ್ಲಿ ಇಬ್ಬರೂ ಅಂಟಿಕೊಂಡು ನಿಂತಿದ್ದನ್ನು ನೋಡಿ ಹುಬ್ಬೇರಿಸಿದಳು. "ಏನ್ರೋ? ಏನಾಯ್ತು?"

"ಅಮ್ಮಾ," ಎಂದ ಅಣ್ಣ. ಅಲ್ಲಿಗೆ ನಿಂತುಬಿಟ್ಟ. ತಿರುಗಿ ಆಯ್ತಮ್ಮನ ಮುಖ ನೋಡಿದ.

ಮುಂದಿನ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಮೆಲ್ಲಗೆ ಹೇಳಿಕೊಟ್ಟಿದ್ದರೆ ಸಾಕಿತ್ತು. ತುಟಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅಮ್ಮ ಒಲೆ ಆರಿಸಿ ಇತ್ತ ತಿರುಗಿದಳು. ಆಯ್ತಮ್ಮ ಅಣ್ಣನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಅವನೇ ಹೇಳಲಿ ಎಂದು ಸುಮ್ಮನೆ ನಿಂತಳು.