ಬೂದಿಗೆ ಬೇಕಾದ ಮೂಲೆ

"ಮತ್ತೆ! ಮತ್ತೆ ಅದೇ ಕೆಲಸ!"

ಅಮ್ಮನ ಕೂಗಿಗೆ ಚಿಟ್ಟಿಯ ಕೈಯಿಂದ ಪೆನ್ಸಿಲ್ ಜಾರಿತು. ಹೊಲಿಗೆ ಮಿಷನ್ ಪಕ್ಕ ಮಡಚಿಟ್ಟಿದ್ದ ಹಳದಿ ಪರದೆ ಬಟ್ಟೆಯನ್ನು ಅಮ್ಮ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದಳು. ನಡುಮಧ್ಯೆ ದೊಡ್ಡ ಒದ್ದೆ ಕಲೆ. ವಾಸನೆ ಬೇರೆ ಮೂಗಿಗೆ ಹೊಡೆಯುತ್ತಿತ್ತು.

ಕಪಾಟಿನ ಕೆಳಗೆ ಎರಡು ಹಸಿರು ಕಣ್ಣು ಮಿನುಗಿದವು. ಬೂದಿ! ಅದು ಬೆಕ್ಕಿನ ಹೆಸರು. ಬಣ್ಣವೂ ಅದೇ.

"ಗಿರಾಕಿ ನಾಳೆ ಬಾಗಿಲಿಗೆ ಬಂದು ನಿಲ್ತಾರೆ. ಅವರ ಕೈಗೆ ಏನು ಕೊಡಲಿ? ಬೆಕ್ಕಿನ ಬಾಲಾನಾ?"

"ಬೇಕಂತಲೇ ಮಾಡ್ತಿದೆ," ಅಜ್ಜಿ ಕುರ್ಚಿಯಲ್ಲಿ ಕೂತೇ ತೀರ್ಪು ಕೊಟ್ಟಳು. "ಹೊಸ ವಾಷಿಂಗ್ ಮಿಷನ್ ಬಂದಾಗಿನಿಂದ ಮೂತಿ ಊದಿಸಿಕೊಂಡಿದೆ. ಹೊಟ್ಟೆಕಿಚ್ಚು!"

"ವಾಷಿಂಗ್ ಮಿಷನ್ ಮೇಲಾ, ಅಜ್ಜಿ?"

"ಮತ್ತಿನ್ನೇನು? ಎಲ್ಲರೂ ಅದನ್ನೇ ಒರೆಸಿ ಒರೆಸಿ ಮುದ್ದು ಮಾಡ್ತಿದ್ದೀರಲ್ಲ!"

ಚಿಟ್ಟಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅಮ್ಮ ಮಾತು ಮುಂದುವರಿಸಿದಳು.

"ಇನ್ನೊಂದು ಸಲ ಆದ್ರೆ ಮಾಮನ ಗೋಡೌನಿಗೆ ಅಂತ ಮೊದಲೇ ಹೇಳಿದ್ದೆ. ನಾಳೆ ಅವನು ಬರ್ತಾನೆ. ಕಳಿಸೋದೇ. ಅಲ್ಲಿ ಇಲಿ ಹಿಡ್ಕೊಂಡಿರಲಿ."

ಮೇಜಿನ ಕೆಳಗೆ ಚಿಟ್ಟಿಯ ಮೊಣಕಾಲು ತಾನಾಗಿ ಕುಣಿಯತೊಡಗಿತು. ನಾಳೆ ಬೂದಿ ಹೋಗುತ್ತದೆ. ನಾಳೆಯೇ ಮಗ್ಗಿ ಟೆಸ್ಟ್ ಕೂಡ. ಅವಳು ಎದ್ದಳು, ಕೂತಳು, ಮತ್ತೆ ಎದ್ದು ಬಾತ್‌ರೂಮಿಗೆ ಓಡಿದಳು. ಆಗಷ್ಟೇ ಹೋಗಿ ಬಂದಿದ್ದಳು.

ಗಾಬರಿಯಾದರೆ ಚಿಟ್ಟಿಗೆ ಹೀಗೇ. ಸ್ಕೂಲಲ್ಲಿ ಮಿಸ್ ಮಗ್ಗಿ ಕೇಳಲು ಶುರು ಮಾಡಿದರೆ ಸಾಕು, "ಮಿಸ್, ಟಾಯ್ಲೆಟ್" ಅನ್ನಲೇಬೇಕು. ಹಿಂದಿನ ಬೆಂಚಿನವರು "ಟ್ಯಾಂಕ್ ಫುಲ್!" ಎಂದು ಕಿಸಕ್ಕನೆ ನಗುತ್ತಾರೆ. "ಲೆಕ್ಕ ಅಂದ್ರೆ ಸಾಕು, ನಿನಗೆ ಒಂದು ನೆಪ" ಅನ್ನುತ್ತಾರೆ ಮಿಸ್. ಇದನ್ನೆಲ್ಲ ಚಿಟ್ಟಿ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಕೈ ತೊಳೆದು ತಿರುಗಿದಾಗ ಬಾಗಿಲಲ್ಲಿ ಬೂದಿ ಕಾಣಿಸಿತು. ಬಾತ್‌ರೂಮಿನ ಮೂಲೆಯಲ್ಲಿ ಅದರ ಮರಳಿನ ಟ್ರೇ ಇತ್ತು. ಬೂದಿ ಮೆಲ್ಲಗೆ ಬಂದು ಒಂದು ಕಾಲು ಮರಳಿನ ಮೇಲೆ ಇಟ್ಟಿತು. ಅಷ್ಟರಲ್ಲಿ ಪಕ್ಕದ ವಾಷಿಂಗ್ ಮಿಷನ್ ಗಡಗಡ ನಡುಗಿ ಜೋರಾಗಿ ಸುತ್ತತೊಡಗಿತು. ಬೂದಿ ಎಗರಿ ಹೊರಗೆ ಓಡಿತು.

ಚಿಟ್ಟಿ ಹಿಂದೆಯೇ ಹೋದಳು. ಹಾಲ್‌ನ ಕಾಲೊರಸಿನ ಮೇಲೆ ಬೂದಿ ಕುಕ್ಕರಿಸಿ ಕೂತಿತ್ತು. ಎದ್ದಿತು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂತಿತು. ಗಂಟಲಿನಿಂದ ಅಳುವಂಥ ಸಣ್ಣ ದನಿ.

"ಬೇಡ ಬೂದಿ, ಇಲ್ಲಿ ಬೇಡ! ಅಮ್ಮ ನೋಡ್ತಾಳೆ!"

ಚಿಟ್ಟಿ ಹಳೇ ಬಟ್ಟೆ ತಂದು ಗಡಿಬಿಡಿಯಲ್ಲಿ ನೆಲ ಒರೆಸಿದಳು. ಬಿದ್ದಿದ್ದು ಒಂದೆರಡು ಹನಿ ಅಷ್ಟೇ. ಆದರೆ ಬಟ್ಟೆಯ ಮೇಲೆ ಅದು ರಕ್ತ ಬೆರೆತ ಹಾಗೆ ತಿಳಿಗೆಂಪಾಗಿ ಕಾಣಿಸಿತು.

ತೋರಿಸಿದರೆ ಅಮ್ಮ "ಮತ್ತೆ!" ಅನ್ನುತ್ತಾಳೆ. ಬಚ್ಚಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಚಿಟ್ಟಿ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದು ನಿಂತಳು. ಬೂದಿ ಇನ್ನೊಂದು ಕಡೆ ಹೋಗಿ ಕುಕ್ಕರಿಸಿ ಮತ್ತೆ ಅದೇ ದನಿ ತೆಗೆಯಿತು.

"ಅಮ್ಮಾ!" ಚಿಟ್ಟಿ ಓಡಿದಳು. "ಬೈಬೇಡ. ಮೊದಲು ಇದನ್ನ ನೋಡು."

ಅಮ್ಮ ಬೈಯಲಿಲ್ಲ. ಬಟ್ಟೆ ನೋಡಿದಳು, ಕತ್ತರಿ ಕೆಳಗಿಟ್ಟಳು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರ್ ಬೂದಿಯ ಹೊಟ್ಟೆಯನ್ನು ಮೆತ್ತಗೆ ಒತ್ತಿ ನೋಡಿದರು, ಪರೀಕ್ಷೆ ಮಾಡಿದರು.

"ಮನೇಲಿ ಎಲ್ಲರೂ ಹಟ ಅಂತಿದ್ವಿ ಡಾಕ್ಟ್ರೇ," ಅಮ್ಮ ತಗ್ಗಿದ ದನಿಯಲ್ಲಿ ಅಂದಳು.

"ತುಂಬಾ ಜನ ಹಂಗೇ ಅಂದ್ಕೋತಾರೆ. ಇದರ ಮೂತ್ರಚೀಲ ಊದಿದೆ, ನೋವಿದೆ. ನೋವಿದ್ದಾಗ ಮೆತ್ತನೆ ಜಾಗ ಹುಡುಕುತ್ತೆ ಪಾಪ. ಬೆಕ್ಕುಗಳ ಮೇಲೆ ಈಚೆಗೆ ಸಂಶೋಧನೆ ಮಾಡಿದೋರು ಹೇಳೋದೇನಂದ್ರೆ, ಎಷ್ಟೋ ಬೆಕ್ಕುಗಳಿಗೆ ಗಾಬರಿಯಿಂದಲೂ ಹೀಗಾಗುತ್ತೆ. ಮನೇಲಿ ಹೊಸದಾಗಿ ಏನಾದ್ರೂ ಬದಲಾಗಿದೆಯಾ?"

"ವಾಷಿಂಗ್ ಮಿಷನ್!" ಚಿಟ್ಟಿ ಕುರ್ಚಿಯಿಂದ ಎದ್ದೇ ಬಿಟ್ಟಳು. "ಬೂದಿಯ ಟ್ರೇ ಅದರ ಪಕ್ಕಾನೇ ಇದೆ. ಅದು ಗಡಗಡ ಅಂದಾಗ ಬೂದಿ ಓಡಿಹೋಯ್ತು. ನಾನೇ ನೋಡಿದೆ!"

ಅಮ್ಮ ಹಣೆಗೆ ಕೈಯಿಟ್ಟಳು. "ಟ್ರೇ ಅಲ್ಲಿಟ್ಟಿದ್ದು ನಾನೇ. ತೊಳೆಯೋಕೆ ಸುಲಭ ಅಂತ."

"ನೋವಿಗೆ ಔಷಧ ಕೊಡ್ತೀನಿ. ಟ್ರೇ ಸದ್ದಿಲ್ಲದ ಮೂಲೆಗೆ ಹೋಗಲಿ. ಬೈಗುಳ ಪೂರ್ತಿ ಬಂದ್."

ಚಿಟ್ಟಿ ಮತ್ತೆ ಕೂತು ಶೂ ತುದಿಯನ್ನೇ ನೋಡುತ್ತ ಕೇಳಿದಳು, "ಡಾಕ್ಟರ್, ಗಾಬರಿ ಆದ್ರೆ... ಮನುಷ್ಯರಿಗೂ ಪದೇ ಪದೇ ಬಂದ ಹಾಗೆ ಆಗುತ್ತಾ?"

"ಆಗುತ್ತಲ್ಲ! ಪರೀಕ್ಷೆ ದಿನ ನಾನು ಟಾಯ್ಲೆಟ್ ಬಾಗಿಲಲ್ಲೇ ನಿಂತು ಓದ್ತಿದ್ದೆ."

ಚಿಟ್ಟಿ ನಕ್ಕಳು. ಅಮ್ಮ ನಗಲಿಲ್ಲ. ಕುಣಿಯುತ್ತಿದ್ದ ಮಗಳ ಮೊಣಕಾಲನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಕೂಡಲೇ ಅಮ್ಮ ಮಾಮನಿಗೆ ಫೋನ್ ಮಾಡಿದಳು. "ಬೆಕ್ಕು ಕೊಡಲ್ಲ ಕಣೋ. ಇಲಿಗೆ ನೀನೇ ಏನಾದ್ರೂ ದಾರಿ ನೋಡ್ಕೋ." ಆಮೇಲೆ ಗಿರಾಕಿಗೆ ಫೋನ್ ಮಾಡಿ ಇನ್ನೊಂದು ದಿನ ಕೇಳಿಕೊಂಡಳು. ಹಳದಿ ಬಟ್ಟೆಯನ್ನು ಬಕೆಟ್‌ನಲ್ಲಿ ನೆನೆಸಿದಳು. ವಾಷಿಂಗ್ ಮಿಷನ್ ಹಾಕಲಿಲ್ಲ.

ಟ್ರೇ ಚಿಟ್ಟಿಯ ಓದುವ ಮೇಜಿನ ಹಿಂದಿನ ಮೂಲೆಗೆ ಬಂತು.

"ಓದೋ ಜಾಗದಲ್ಲಿ ಬೆಕ್ಕಿನ ಕಕ್ಕಸು! ಚೆನ್ನಾಗಿದೆ ನಿಮ್ಮ ಸಂಸಾರ," ಅಂದಳು ಅಜ್ಜಿ. ಅಂದವಳೇ ಟಿವಿಯ ಸದ್ದನ್ನು ತಾನೇ ಕಡಿಮೆ ಮಾಡಿದಳು.

ಬೂದಿ ಬಂತು. ಟ್ರೇಯನ್ನು ಮೂಸಿ ಹಿಂದಕ್ಕೆ ಸರಿಯಿತು. ಮತ್ತೆ ಬಂತು. ತಿರುಗಿ ನೋಡಬೇಕೆಂದು ಚಿಟ್ಟಿಗೆ ಜೀವ ತುಡಿಯುತ್ತಿತ್ತು. ನೋಡಲಿಲ್ಲ. ಮಗ್ಗಿ ಪುಸ್ತಕ ಹಿಡಿದು ಗೋಡೆಗೆ ಮುಖಮಾಡಿ ಕೂತಳು.

ಅಮ್ಮ ಬಂದು ಪಕ್ಕದಲ್ಲಿ ಕೂತಳು. "ನಾಳೆ ಮಗ್ಗಿ ಟೆಸ್ಟ್ ಅಲ್ವಾ? ಸ್ಕೂಲಿಗೆ ಬಂದು ನಿಮ್ಮ ಮಿಸ್ ಹತ್ರ ಮಾತಾಡಲಾ?" ಪಿಸುಮಾತಿನಲ್ಲಿ ಕೇಳಿದಳು.

ಅಮ್ಮನಿಗೆ ಹೇಗೆ ಗೊತ್ತಾಯಿತು ಎಂದು ಚಿಟ್ಟಿ ಕೇಳಲಿಲ್ಲ.

"ನಾನೇ ಹೇಳ್ತೀನಮ್ಮ. ನೆಪ ಅಲ್ಲ ಅಂತ. ನೀನು ಗೇಟ್ ತನಕ ಬಾ, ಸಾಕು."

ಹಿಂದಿನಿಂದ ಸರಸರ ಮರಳು ಕೆದರುವ ಸದ್ದು ಬಂತು. ಅಮ್ಮ ಚಿಟ್ಟಿಯ ಕೈ ಅದುಮಿದಳು.

ಚಿಟ್ಟಿಗೆ ಮಗ್ಗಿ ಪುಸ್ತಕದ ಹಾಳೆ ತಿರುಗಿಸಬೇಕಿತ್ತು. ಬೂದಿ ಕೆಲಸ ಮುಗಿಸಿ ಹೊರಗೆ ಬರುವವರೆಗೂ ಅವಳು ಹಾಳೆಯನ್ನು ಬೆರಳಲ್ಲಿ ಹಾಗೇ ಹಿಡಿದುಕೊಂಡಿದ್ದಳು.