ಅಜ್ಜಿಯ ಟ್ರಿಪ್ಪು

"ಅಯ್ಯೋ ಅಜ್ಜೀ, ಈಗ ತಾನೇ ಹೋಗಿ ಬಂದ್ವಲ್ಲ!"

ಗುಬ್ಬಿ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಕೆಳಗೆ ಗೆಳತಿಯರು ಬ್ಯಾಡ್ಮಿಂಟನ್ ನೆಟ್ ಕಟ್ಟಿ ಆಗಲೇ ಕೂಗುತ್ತಿದ್ದರು.

"ಏನ್ಮಾಡ್ಲಿ ಡ್ರೈವರಮ್ಮ, ಹೋಗ್ಲೇಬೇಕು," ಎಂದು ಅಜ್ಜಿ ಮಂಚದಿಂದ ಕೈ ಚಾಚಿದರು.

ರಿಟೈರ್ ಆಗುವವರೆಗೆ ಅಜ್ಜಿ ಬಸ್ ಕಂಡಕ್ಟರ್ ಆಗಿದ್ದರು. ಈಗ ಮಂಡಿ ಕೈಕೊಟ್ಟಿತ್ತು. ಬಾತ್‌ರೂಮಿಗೆ ಒಬ್ಬರೇ ಹೋಗಬಾರದು ಎಂದು ಅಮ್ಮನ ಆರ್ಡರ್. ಸ್ಕೂಲ್ ಬಿಟ್ಟ ಮೇಲೆ, ಅಮ್ಮ ಕೆಲಸದಿಂದ ಬರುವವರೆಗೆ, ಗುಬ್ಬಿಯ ಹೆಗಲೇ ಗತಿ. ಹೆಗಲ ಮೇಲೆ ಕೈಯಿಟ್ಟೊಡನೆ ಅಜ್ಜಿ, "ರೈಟ್ ರೈಟ್!" ಎನ್ನುತ್ತಿದ್ದರು. ಗುಬ್ಬಿ ಬುರ್ರ್ ಎಂದು ಹೊರಡುತ್ತಿದ್ದಳು. ಬಾತ್‌ರೂಮಿನ ಬಾಗಿಲಲ್ಲಿ "ಹೋಲ್ಡಾನ್!" ಮೊದಮೊದಲು ಇಬ್ಬರಿಗೂ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತಿತ್ತು.

ಇವತ್ತು ಬಸ್ಸು ಮುಖ ಊದಿಸಿಕೊಂಡು, ಸದ್ದಿಲ್ಲದೆ ಹೋಯಿತು.

"ಅಷ್ಟೊಂದು ನೀರು ಯಾಕ್ ಕುಡೀತೀಯಾ? ನನ್ ಆಟ ಎಲ್ಲಾ ಹಾಳು!"

ಅಜ್ಜಿ ನಕ್ಕರು. "ಹೌದಲ್ವಾ? ಬೆಳಗ್ಗೆ ಬಸ್ ಹತ್ತಿದ್ರೆ ಸಂಜೆ ಇಳೀತಿದ್ದೆ ನಾನು. ಹಳೇ ಕಂಡಕ್ಟರ್ ಕಣೇ, ತಡ್ಕೋತೀನಿ ಬಿಡು. ನಾಳೆಯಿಂದ ಟ್ರಿಪ್ ಕಟ್!"

ನಿಜಕ್ಕೂ ಕಟ್ ಆಯಿತು. ಗುಬ್ಬಿ ಸ್ಕೂಲಿಂದ ಬಂದವಳೇ ಬ್ಯಾಟ್ ಎತ್ತಿಕೊಂಡು ಓಡುತ್ತಿದ್ದಳು. ಅಜ್ಜಿ ಕರೆಯುತ್ತಲೇ ಇರಲಿಲ್ಲ. ಅಮ್ಮ ತುಂಬಿಸಿಟ್ಟ ನೀರಿನ ಬಾಟಲಿ ಮಾತ್ರ ಸಂಜೆಗೆ ಖಾಲಿ. "ಭೇಷ್!" ಎನ್ನುತ್ತಿದ್ದರು ಅಮ್ಮ. ಮಂಚದ ಪಕ್ಕದ ಕುಂಡದ ಗಿಡ ಯಾಕೋ ಹಳದಿಯಾಗುತ್ತಿತ್ತು. ಅದಕ್ಕೆ ತಲೆ ಕೆಡಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಒಂದು ಸಂಜೆ ಗುಬ್ಬಿ ಆಟ ಮುಗಿಸಿ ಬಂದಾಗ ಅಜ್ಜಿ ಅವಳನ್ನೇ ದಿಟ್ಟಿಸಿ ನೋಡಿದರು.

"ಎಲ್ಲಿಗಮ್ಮಾ? ಟಿಕೆಟ್ ತಗೊಂಡ್ಯಾ?"

ಗುಬ್ಬಿ ಕಿಸಕ್ಕನೆ ನಕ್ಕಳು. "ಲಾಸ್ಟ್ ಸ್ಟಾಪಿಗೆ ಒಂದು ಕೊಡಿ ಮೇಡಂ!"

"ಚಿಲ್ಲರೆ ಕೊಡಮ್ಮ." ಅಜ್ಜಿ ನಗಲಿಲ್ಲ. ಅವರ ತುಟಿ ಒಣಗಿ ಬಿರಿದಿತ್ತು. "ಯಾರ ಮಗು ನೀನು? ಒಬ್ಬಳೇ ಬಂದಿದೀಯಾ?"

ಗುಬ್ಬಿ ಬ್ಯಾಟ್ ಬಿಸಾಡಿದಳು. ಓಡಿಹೋಗಿ ಅಮ್ಮನಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಅಜ್ಜಿಗೆ ಡ್ರಿಪ್ ಹಾಕಿದರು. "ಮೈಯಲ್ಲಿ ನೀರೇ ಇಲ್ಲ, ಇನ್‌ಫೆಕ್ಷನ್ ಬೇರೆ ಆಗಿದೆ," ಎಂದರು ಡಾಕ್ಟರ್. "ವಯಸ್ಸಾದವರಿಗೆ ಇದ್ರಿಂದಾನೂ ಹೀಗೆ ಗೊಂದಲ ಆಗತ್ತೆ. ನೀರು ಕುಡೀತಿರ್ಲಿಲ್ವಾ?"

"ಕುಡೀತಿದ್ರಲ್ಲ ಡಾಕ್ಟ್ರೇ! ದಿನಾ ಬಾಟಲಿ ಖಾಲಿ ಆಗ್ತಿತ್ತು," ಎಂದರು ಅಮ್ಮ.

ಗುಬ್ಬಿ ತನ್ನ ಶೂಗಳನ್ನೇ ನೋಡುತ್ತ ನಿಂತಳು.

ಮನೆಗೆ ಬಂದವಳೇ ಕುಂಡದ ಮಣ್ಣಿಗೆ ಬೆರಳಿಟ್ಟಳು. ಬೆರಳು ಕೆಸರಿನೊಳಗೆ ಇಳಿಯಿತು.

"ಅಮ್ಮಾ... ನಾನೇ ಅಂದಿದ್ದು. ಅಷ್ಟೊಂದು ನೀರು ಯಾಕೆ ಕುಡೀತೀಯಾ ಅಂತ."

ಅಮ್ಮ ಕೆಸರಾದ ಬೆರಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಗುಬ್ಬಿಗೆ.

ಅಜ್ಜಿ ಮನೆಗೆ ಬಂದರು. ಮಾತು ಸರಿಹೋಗಿತ್ತು, ಕಾಲಲ್ಲಿ ಮಾತ್ರ ಮೊದಲಿನ ಕಸುವಿರಲಿಲ್ಲ. ಗುಬ್ಬಿ ಲೋಟದಲ್ಲಿ ನೀರು ತಂದಳು.

"ಅಲ್ಲಿಡು ಪುಟ್ಟಿ, ಆಮೇಲೆ ಕುಡೀತೀನಿ. ನೀನ್ ಆಡ್ಕೋ ಹೋಗು."

ಅಜ್ಜಿಯ ಕಣ್ಣು ಕುಂಡದ ಕಡೆ ಹೋಯಿತು. ಅಲ್ಲಿ ಕುಂಡವೇ ಇರಲಿಲ್ಲ. ಗುಬ್ಬಿ ಅದನ್ನು ಬಾಲ್ಕನಿಗೆ ಸಾಗಿಸಿದ್ದಳು.

"ಕುಡಿ ಅಜ್ಜಿ. ಬಸ್ಸು ಇಲ್ಲೇ ಇರತ್ತೆ."

ಅಜ್ಜಿ ಗುಟುಕು ಗುಟುಕಾಗಿ ಕುಡಿದರು. ಸ್ವಲ್ಪ ಹೊತ್ತಾದ ಮೇಲೆ, ಏನೋ ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಕೈ ಚಾಚಿದರು. ಹೆಗಲ ಮೇಲೆ ಬಿದ್ದ ಆ ಕೈ ಎಷ್ಟು ಹಗುರವಾಗಿತ್ತು!

ಗುಬ್ಬಿ ಕಾದಳು. "ರೈಟ್ ರೈಟ್" ಬರಲಿಲ್ಲ.

ಕೆಳಗಿನಿಂದ ಗೆಳತಿಯರು ಕೂಗುತ್ತಿದ್ದರು. ಕಂಡಕ್ಟರ್ ಹೇಳದೆ ಬಸ್ಸು ಹೊರಡುವಂತಿಲ್ಲ. ಗುಬ್ಬಿ ಹೆಗಲು ಅಲುಗಿಸದೆ ಅಲ್ಲೇ ನಿಂತಳು.