ಮಂಗಳವಾರದ ರಜೆ ಚೀಟಿಗಳು

2025ರ ಫೆಬ್ರವರಿ 10, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಡಾ. ಸುನಿಲ್‌ಕುಮಾರ್ ದೇವನಹಳ್ಳಿ ಕಡೆಯ ಒಂದು ಠಾಣೆಗೆ ದೂರು ಹಿಡಿದು ಬಂದರು. ಇಪ್ಪತ್ತು ವರ್ಷದಿಂದ ಪೇಟೆಗೆಲ್ಲ ಮದ್ದು ಕೊಟ್ಟವರು. ಕೈಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರ ಹೆಸರಿನ ಹದಿನಾಲ್ಕು ಮೆಡಿಕಲ್ ಸರ್ಟಿಫಿಕೇಟುಗಳ ಜೆರಾಕ್ಸ್ ಇತ್ತು.

"ಸೀಲು ನಂದು, ಸೈನ್ ನಂದಲ್ಲ ಮೇಡಂ. ಗಾರ್ಮೆಂಟ್ಸ್‌ನವರು ಫೋನ್ ಮಾಡಿ ಕೇಳ್ದಾಗ್ಲೇ ಗೊತ್ತಾಗಿದ್ದು."

ಇನ್ಸ್‌ಪೆಕ್ಟರ್ ಸಂಘಮಿತ್ರ ಫೋರ್ಜರಿ ಎಂದು ಎಫ್‌ಐಆರ್ ದಾಖಲಿಸಿದಳು. ಮಧ್ಯಾಹ್ನ ಕ್ಲಿನಿಕ್‌ನಲ್ಲಿ ಪಂಚನಾಮೆ ಮುಗಿಸಿ ಸೀಲು, ಸರ್ಟಿಫಿಕೇಟ್ ಪುಸ್ತಕ ವಶಕ್ಕೆ ಪಡೆದಳು. ಪುಸ್ತಕದಲ್ಲಿ ಉಳಿದಿದ್ದ, ಡಾಕ್ಟರು ತಾವೇ ಬರೆದ ಚೀಟಿಗಳ ಕಾರ್ಬನ್ ಪ್ರತಿಗಳಲ್ಲಿ ಮೇಷ್ಟ್ರು, ಗುಮಾಸ್ತರು, ಬ್ಯಾಂಕಿನವರು ಎಲ್ಲರಿಗೂ ಒಂದೇ ಕಾಯಿಲೆ: ವೈರಲ್ ಜ್ವರ.

"ಏನ್ ಡಾಕ್ಟ್ರೇ, ಊರಿಗೆಲ್ಲ ಒಂದೇ ಜ್ವರ?"

"ಗುರುತಿನವರು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ನೀವೂ ಒಂದ್ಸಲ ತಗೊಂಡಿದ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸರದಿ ಈಗ ಅವಳದೇ! ಅಣ್ಣನ ಗೃಹಪ್ರವೇಶಕ್ಕೆ ಹೋಗಲು ಬರೆಸಿಕೊಂಡ ಜ್ವರ ಅದು. ಸಂಘಮಿತ್ರಳಿಗೆ ನಾಚಿಕೆಯಾಯಿತು.

"ಗಾರ್ಮೆಂಟ್ಸ್ ಹೆಂಗಸರ ಹೆಸರು ಒಂದೂ ಇಲ್ವಲ್ಲ?"

"ಅವ್ರಿಗೆ ಕೊಟ್ರೆ ಕಂಪನಿಯೋರು ಫೋನ್ ಮಾಡಿ ಪ್ರಾಣ ತಿಂತಾರೆ. ನಾನು ಕೊಡಲ್ಲ."

ಕಾನ್‌ಸ್ಟೆಬಲ್ ನರೇಶ್ ನಕಲಿ ಚೀಟಿಗಳ ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ. "ಹದಿನಾಲ್ಕೂ ಮಂಗಳವಾರವೇ ಮೇಡಂ. ಅವತ್ತು ಡಾಕ್ಟ್ರು ಬೆಂಗಳೂರಿಗೆ ಹೋಗ್ತಾರೆ. ಡ್ರೆಸಿಂಗ್ ಮಾಡೋಕೆ ನರ್ಸ್ ಪ್ರಮೋದಾ ಒಬ್ರೇ ಇರೋದು."

ಮರುದಿನ ಬೆಳಿಗ್ಗೆ ಇಬ್ಬರೂ ಚೀಟಿಯಲ್ಲಿದ್ದ ವಿಳಾಸ ಹಿಡಿದು ಹೊರಟರು. ಆವತಿ ಹಳ್ಳಿಯ ವರಲಕ್ಷ್ಮಮ್ಮನ ಚೀಟಿಯಲ್ಲಿ 'ಗರ್ಭಕೋಶದ ಆಪರೇಷನ್, ಗಾಯ ಮಾಗಿಲ್ಲ' ಎಂದಿತ್ತು. ಆಕೆ ಗೋಡೆ ಹಿಡಿದು ಎದ್ದು ಬಂದಳು. ಸೀರೆಗೆ ಕೀವು ಹತ್ತಿತ್ತು. "ನರ್ಸಮ್ಮ ಒಂದು ಕಾಸೂ ಇಸ್ಕೊಂಡಿಲ್ಲ ಕಣವ್ವ. ನನ್ ಕೆಲ್ಸ ಮಾತ್ರ ತೆಗಿಸ್ಬೇಡ್ರಿ."

ಸಂಜೆಯೊಳಗೆ ಹದಿನಾಲ್ಕೂ ಮನೆ ಮುಗಿಸಿದರು. ಅಯ್ಯೋ ಶಿವನೇ, ನಕಲಿ ಚೀಟಿಯಲ್ಲಿದ್ದ ಒಂದೊಂದು ಕಾಯಿಲೆಯೂ ನಿಜ.

ಐದು ಗಂಟೆಗೆ ಕ್ಲಿನಿಕ್‌ನಲ್ಲಿ ಪ್ರಮೋದಾ ಸಿರಿಂಜ್ ಡಬ್ಬಿ ಒರೆಸುತ್ತಿದ್ದಳು.

"ಸೈನ್ ಹಾಕಿದ್ದು ಯಾರು?"

"ನಾನೇ."

"ಯಾವಾಗಿಂದ?"

"ರಂಜಿತ ಸತ್ತಾಗಿಂದ."

5.40ಕ್ಕೆ ಬಂಧನವಾಯಿತು. ಜೀಪು ಹತ್ತುವಾಗ ಪ್ರಮೋದಾ ಕೇಳಿದ್ದು ಒಂದೇ ಮಾತು. "ಆ ಹದಿನಾಲ್ಕು ಜನಾನ ಕೆಲಸದಿಂದ ತೆಗೀತಾರಾ ಮೇಡಂ?"

ಸುಳ್ಳು ಹೇಳಲು ಸಂಘಮಿತ್ರಳಿಗೆ ಬಾಯಿ ಬರಲಿಲ್ಲ. "ತೆಗೀಬಹುದು ಕಣಮ್ಮ," ಎಂದಳು. ಅಲ್ಲಿವರೆಗೂ ಗಟ್ಟಿಯಾಗಿದ್ದ ಹೆಂಗಸು ಗೊಳೋ ಎಂದು ಅತ್ತಳು.

ಠಾಣೆಯಲ್ಲಿ ಸಂಘಮಿತ್ರ ಹೇಳಿಕೆಯನ್ನು ತಾನೇ ಬರೆದುಕೊಂಡಳು. ರಂಜಿತ ನಾಲ್ಕು ತಿಂಗಳ ಬಸುರಿ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವಳು. ಹೋದ ವರ್ಷ ರಕ್ತ ಹೋಗುತ್ತಿದೆಯೆಂದು ಮೂರು ದಿನದ ರಜೆ ಚೀಟಿ ಕೇಳಿಕೊಂಡು ಬಂದಿದ್ದಳು. ಡಾಕ್ಟರ್ ಇಲ್ಲವೆಂದು ಪ್ರಮೋದಾ ಬಾಗಿಲಿನಿಂದಲೇ ಕಳಿಸಿದ್ದಳು. ಮೂರನೇ ದಿನ ಆ ಹುಡುಗಿ ಮಿಷನ್ ಮುಂದೆಯೇ ಕುಸಿದಳು. ತಾಯಿ ಮಗು ಇಬ್ಬರೂ ಉಳಿಯಲಿಲ್ಲ.

"ಅವತ್ತು ಡಾಕ್ಟ್ರು ಎಲ್ಲಿಗೆ ಹೋಗಿದ್ರು?"

"ಒಳಗೇ ಕೂತಿದ್ರು. ಇಲ್ಲ ಅಂತ ಹೇಳು ಅಂದ್ರು, ಹೇಳ್ದೆ. 'ಆಯ್ತಕ್ಕ, ಡ್ಯೂಟಿಗೆ ಹೊತ್ತಾಯ್ತು' ಅಂತ ನಕ್ಕೊಂಡೇ ಹೋದ್ಲು."

ಸಂಘಮಿತ್ರ ಅದನ್ನೂ ಹಾಗೇ ಬರೆದುಕೊಂಡು, ಸಹಿ ಹಾಕಲು ಪ್ರಮೋದಾಳಿಗೆ ಪೆನ್ನು ಕೊಟ್ಟಳು.